ಲಿನಕ್ಸ್ ಭಾವ

ಪುತ್ತೂರಿನಿಂದ ಕಾಣಿಯೂರು, ಪಂಜದ ದಾರಿಯಾಗಿ ಸುಬ್ರಹ್ಮಣ್ಯಕ್ಕೆ ಹೋಗುವಾಗ ಮರದಿಂದ ಮರಕ್ಕೆ ಜೋತುಬಿದ್ದ ಕಪ್ಪು ಫೈಬರ್ ವಯರುಗಳನ್ನು ನೀವು ನೋಡಿರಬಹುದು. ಅವುಗಳಲ್ಲಿ ಒಂದರ ಬೆನ್ನು ಹಿಡಿದು, ಗುಡ್ಡ ಹತ್ತಿ, ತೋಡು ದಾಟಿ, ನಾಯಿಯ ಬೊಬ್ಬೆಗೆ ಹೆದರದೆ ಒಳಗೆ ಹೋದರೆ ತುದಿಯಲ್ಲಿ ಲುಂಗಿ ಉಟ್ಟ ಒಬ್ಬ ಪ್ರೋಗ್ರಾಮರ್ ಸಿಗುತ್ತಾನೆ. 2020ರ ಲಾಕ್‌ಡೌನಿನಲ್ಲಿ ಎರಡು ವಾರಕ್ಕೆಂದು ಬೆಂಗಳೂರಿನಿಂದ ಬಂದವನು, ಇನ್ನೂ ವಾಪಸು ಹೋಗಿಲ್ಲ. ಲುಂಗಿಯ ಮೇಲೆ ಇಸ್ತ್ರಿ ಹಾಕಿದ ಅಂಗಿ ಇರುತ್ತದೆ. ಕ್ಯಾಮೆರಾಕ್ಕೆ ಕಾಣುವುದು ಅಷ್ಟೇ ಅಲ್ಲವೇ?

ಇಂಥವರಲ್ಲಿ ಹೆಚ್ಚಿನವರು ನಿರುಪದ್ರವಿಗಳು. ಮೀಟಿಂಗ್ ಮುಗಿಸುತ್ತಾರೆ, ಸಂಬಳ ತೆಗೆದುಕೊಳ್ಳುತ್ತಾರೆ, ಮದುವೆಮನೆಯಲ್ಲಿ ಸಾರು ಬಡಿಸುತ್ತಾರೆ. ಆದರೆ ಪ್ರತಿ ಬೈಲಿಗೂ ಒಬ್ಬ ಬೇರೆ ಜಾತಿಯವನಿದ್ದಾನೆ. ಕಂಪ್ಯೂಟರಿನಿಂದ ಕೆಲಸ ಮಾಡಿಸುವುದಕ್ಕಿಂತ ಕಂಪ್ಯೂಟರಿಗಾಗಿ ಕೆಲಸ ಮಾಡುವುದರಲ್ಲಿ ಅವನಿಗೆ ಸುಖ. ನಾವು ಬೆಡ್‌ಶೀಟ್ ಬದಲಿಸಿದಷ್ಟು ಸಲ ಅವನು ಆಪರೇಟಿಂಗ್ ಸಿಸ್ಟಮ್ ಬದಲಿಸುತ್ತಾನೆ. ಊರವರು ಅವನನ್ನು ಲಿನಕ್ಸ್ ಭಾವ ಎನ್ನುತ್ತಾರೆ. ಸಂಬಂಧದ ಲೆಕ್ಕ ಹಾಕಿ ಎಲ್ಲೂ ತಾಳೆಯಾಗದವರು ನಮ್ಮಲ್ಲಿ ಕೊನೆಗೆ ಭಾವನೇ ಆಗುವುದರಿಂದ ಆ ಹೆಸರಿಗೆ ಯಾರದೂ ಆಕ್ಷೇಪ ಇಲ್ಲ.

ಗುರುತು ಹಿಡಿಯುವುದು ಸುಲಭ. ಲ್ಯಾಪ್‌ಟಾಪಿನ ಬೆನ್ನ ಮೇಲೆ ಪೆಂಗ್ವಿನ್ ಇರುತ್ತದೆ. ಪರದೆ ಕಪ್ಪು, ಅದರಲ್ಲಿ ಬಿಳಿ ಅಕ್ಷರಗಳು ಸುರಿಯುತ್ತಿರುತ್ತವೆ. ಅದನ್ನು ನೋಡಿದಾಗಲೆಲ್ಲ ಅವನ ಅಮ್ಮ, “ಪುನಃ ಹಾಳಾಯಿತಾ ಮಗಾ?” ಎಂದು ಕೇಳುತ್ತಾರೆ. ಹಾಳಾದದ್ದಲ್ಲ, ಹಾಳು ಮಾಡಿದ್ದು ಎಂದು ಅವನು ಈವರೆಗೆ ಹೇಳಿಲ್ಲ.

ಒಂದು ಸಲ ಹೆಣ್ಣಿನ ಕಡೆಯವರು ಬಂದಿದ್ದರಂತೆ. ಬಾಯಾರಿಕೆ ಕುಡಿದು, ಅಂಗಳದ ಅಡಿಕೆಯನ್ನು ಕಣ್ಣಲ್ಲೇ ತೂಕ ಮಾಡಿ, ಹುಡುಗಿಯ ಅಪ್ಪ ಕೇಳಿದರು, “ಈಗ ಯಾವುದರಲ್ಲಿ ಇರುವುದು?”

“ಮೊನ್ನೆವರೆಗೆ ಉಬುಂಟುವಿನಲ್ಲಿದ್ದೆ. ಅದು ಭಾರ ಆಯಿತು. ಮಿಂಟಿಗೆ ಹೋದೆ. ಈಗ ಎರಡು ತಿಂಗಳಿಂದ ಫೆಡೋರಾದಲ್ಲಿ.”

“ಅಲ್ಲಿ ಹೇಗೆ?”

“ಚಂದ ಉಂಟು. ಆದರೂ ನಿಲ್ಲುವ ಅಂದಾಜಿಲ್ಲ. ಆರ್ಚಿಗೆ ಹೋಗುವ ಅಂತ ಆಲೋಚನೆ.”

ಹುಡುಗ ಕಂಪೆನಿಯಲ್ಲಿ ನಿಲ್ಲುವುದಿಲ್ಲ ಎಂಬ ಸುದ್ದಿ ಅವರ ಕಾರು ಸವಣೂರು ತಲುಪುವ ಮೊದಲೇ ಬೆಳ್ಳಾರೆಯಲ್ಲಿತ್ತು.

ಅವನಿಗೆ ಈ ರೋಗ ಹಿಡಿದದ್ದು ಇಂಜಿನಿಯರಿಂಗ್ ಓದುವಾಗ. ಆಗ ಉಬುಂಟುವಿನ ಸಿ.ಡಿ. ಬೇಕೆಂದು ಬರೆದುಕೊಂಡರೆ ಪುಕ್ಕಟೆಯಾಗಿ ಅಂಚೆಯಲ್ಲಿ ಬರುತ್ತಿತ್ತು. ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ ಎಂಬ ಸಿರಿವಂತ ಶುರುಮಾಡಿದ ಏರ್ಪಾಡು ಅದು. 2004ರ ಅಕ್ಟೋಬರಿನಲ್ಲಿ ಮೊದಲ ಆವೃತ್ತಿ ಬಂತು, ಸಿ.ಡಿ. ಹಂಚುವುದು 2011ರವರೆಗೂ ನಡೆಯಿತು. ಪರದೇಶದ ಸ್ಟಾಂಪು ಹೊತ್ತ ಲಕೋಟೆ ಹಳ್ಳಿಯ ಅಂಚೆ ಕಚೇರಿಗೆ ಬಂದ ದಿನ ಅಜ್ಜ ಅದನ್ನು ಬೆಳಕಿಗೆ ಹಿಡಿದು ನೋಡಿದ್ದರಂತೆ. “ಹಣ ತೆಗೆದುಕೊಳ್ಳದೆ ಅಷ್ಟು ದೂರದಿಂದ ಕಳಿಸುತ್ತಾರೆ ಅಂದರೆ ಒಳಗೆ ಎಂತದೋ ಉಂಟು” ಎಂಬುದು ಅವರ ಅನುಮಾನ. ಒಳಗೆ ಇದ್ದದ್ದು ಮೊಮ್ಮಗನ ಮುಂದಿನ ಇಪ್ಪತ್ತು ವರ್ಷದ ರಾತ್ರಿನಿದ್ದೆ.

ಭಾವನ ಎದುರು ಕೂತು ಲಿನಕ್ಸ್ ಎಂದರೆ ಎಂತದು ಎಂದು ಕೇಳುವ ಧೈರ್ಯ ಯಾರೂ ಮಾಡಬಾರದು. ಕೇಳಿದಿರೋ, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಕರ್ನಲ್ ಬರೆದಲ್ಲಿಂದ ಹಿಡಿದು 1993ರ ಡೆಬಿಯನ್, ಡೆಬಿಯನ್ನಿಂದ ಉಬುಂಟು, ಉಬುಂಟುವಿನಿಂದ ಮಿಂಟ್ ಎಂದು ವಂಶಾವಳಿ ಹೇಳಿ ಮುಗಿಸುವಾಗ ಕೊನೆಯ ಬಸ್ಸು ಹೋಗಿರುತ್ತದೆ. ‘ಫೋರ್ಕ್’ ಎಂಬ ಮಾತನ್ನು ಅವನು ವಿವರಿಸುವ ಕ್ರಮವನ್ನು ಮಾತ್ರ ಮೆಚ್ಚಬೇಕು. “ನೋಡು, ಪುತ್ತೂರು ತಾಲೂಕು ಇತ್ತು, ಸುಳ್ಯ ತಾಲೂಕು ಇತ್ತು. ಇಲ್ಲಿಂದ ಕೆಲವು ಗ್ರಾಮ, ಅಲ್ಲಿಂದ ಸುಬ್ರಹ್ಮಣ್ಯ ಅಂತ ಎತ್ತಿ ಕಡಬ ತಾಲೂಕು ಮಾಡಿದರು. ಮಣ್ಣು ಅದೇ, ಮಳೆ ಅದೇ. ಬೋರ್ಡು ಬೇರೆ, ತಹಶೀಲ್ದಾರರು ಬೇರೆ. ಅದೇ ಫೋರ್ಕ್.” ಹಾಗಾದರೆ ಜನರಿಗೆ ಎಂತ ಲಾಭ ಎಂದು ಕೇಳಿದರೆ, “ಆಯ್ಕೆ” ಎನ್ನುತ್ತಾನೆ. ಕಡಬದವರಿಗೆ ಆಯ್ಕೆ ಎಲ್ಲಿತ್ತು ಎಂದು ಕೇಳುವ ಹೊತ್ತಿಗೆ ಕರೆಂಟು ಹೋಗಿರುತ್ತದೆ.

ಕರೆಂಟು ಹೋಗುವುದಕ್ಕೂ ಅವನ ಇನ್‌ಸ್ಟಾಲ್ ಶೇಕಡಾ ತೊಂಬತ್ತಕ್ಕೆ ಮುಟ್ಟುವುದಕ್ಕೂ ಎಂತದೋ ಋಣಾನುಬಂಧ ಇದೆ. ಆಟಿಯ ಮಳೆಯಲ್ಲಿ ಎಲ್ಲೋ ಒಂದು ಮರ ಲೈನಿನ ಮೇಲೆ ಬೀಳುತ್ತದೆ, ಇನ್ವರ್ಟರ್ ಕುಂಯ್ ಎನ್ನುತ್ತದೆ, ಭಾವನ ಡಿಸ್ಕು ಹಳೆಯದೂ ಅಲ್ಲದ ಹೊಸದೂ ಆಗದ ಸ್ಥಿತಿಯಲ್ಲಿ ನಿಲ್ಲುತ್ತದೆ. ಬಿಸಿಲುಕಾಲದಲ್ಲಿ ಈ ಕೆಲಸ ಯಾಕೆ ಮಾಡಬಾರದು? ಮಾಡಲಾಗದು. ಆಗ ಅಡಿಕೆ ಸುಲಿಸಬೇಕು, ಸ್ಪ್ರಿಂಕ್ಲರ್ ತಿರುಗಿಸಬೇಕು, ಜಾತ್ರೆಗೆ ಹೋಗಬೇಕು.

ಇಷ್ಟಕ್ಕೂ ಅವನ ಸಂಬಳ ಬರುವುದು ವಿಂಡೋಸಿನಿಂದ. ಕಂಪೆನಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಇರುವುದು ಅದೇ. ವಾಲ್‌ಪೇಪರ್ ಬದಲಿಸುವುದಕ್ಕೂ ಅದರಲ್ಲಿ ಅಪ್ಪಣೆ ಇಲ್ಲ. ಮೈಕ್ರೋಸಾಫ್ಟ್ 2016ರಿಂದ ವಿಂಡೋಸಿನ ಒಳಗೇ ಲಿನಕ್ಸ್ ಓಡಿಸುವ ಒಂದು ಸೌಕರ್ಯ ಕೊಟ್ಟಿದೆ. ಕಂಪೆನಿ ಕೃಪೆತೋರಿ ಅದೊಂದನ್ನು ಬಿಟ್ಟಿರುವುದರಿಂದ ಹಗಲೆಲ್ಲ ಭಾವ ಅದರಲ್ಲಿ ಕೂತು ಕೋಡ್ ಬರೆಯುತ್ತಾನೆ. ಆ ಕೋಡು ಓಡುವುದು ಮತ್ತೆ ಎಲ್ಲಿಯೋ ದೂರದ ಲಿನಕ್ಸ್ ಸರ್ವರಿನಲ್ಲಿ. ಸಂಜೆ ಆರಕ್ಕೆ ಅದನ್ನು ಮುಚ್ಚಿ ತನ್ನ ಸ್ವಂತದ್ದನ್ನು ತೆರೆದು ‘ಸ್ವಾತಂತ್ರ್ಯ’ ಪಡೆಯುತ್ತಾನೆ. ಆ ಸ್ವಾತಂತ್ರ್ಯದಲ್ಲಿ ವೈಫೈ ಬರುವುದಿಲ್ಲ. ಡ್ರೈವರ್ ಹಾಕಬೇಕು, ಡ್ರೈವರ್ ಇಳಿಸಲು ವೈಫೈ ಬೇಕು. ಕೊನೆಗೆ ಅಪ್ಪನ ಮೊಬೈಲನ್ನು ವಯರಿನಿಂದ ಸಿಕ್ಕಿಸಿ ನೆಟ್ ಎಳೆಯುತ್ತಾನೆ. ಅಪ್ಪ ಯಕ್ಷಗಾನ ನೋಡುವ ಹೊತ್ತು ಅದು. ಅಪ್ಪನ ಆಂಡ್ರಾಯ್ಡ್ ಫೋನಿನ ಬುಡದಲ್ಲಿ ಇರುವುದೂ ಲಿನಕ್ಸ್ ಕರ್ನಲ್ಲೇ. ಅಪ್ಪ ಏನೂ ಇನ್‌ಸ್ಟಾಲ್ ಮಾಡದೆ, ವರ್ಷಗಳಿಂದ ಅದರಲ್ಲಿ ಆಟ ನೋಡುತ್ತಿದ್ದಾರೆ.

ಈ ಹವ್ಯಾಸ ತನ್ನ ಕೋಣೆಯೊಳಗೆ ಇರುವಷ್ಟು ಕಾಲ ಯಾರಿಗೂ ತೊಂದರೆ ಇರಲಿಲ್ಲ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತಲ್ಲ, ಅಲ್ಲಿಂದ ಭಾವ ಸಮಾಜಸೇವೆಗೆ ಇಳಿದ. ಹನ್ನೊಂದನೆಯ ವಿಂಡೋಸಿಗೆ ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು ಬೇಕು, ಊರಿನ ಅರ್ಧ ಕಂಪ್ಯೂಟರುಗಳಲ್ಲಿ ಅದಿಲ್ಲ. “ಗುಜರಿಗೆ ಹಾಕಬೇಡಿ, ನಾನಿದ್ದೇನೆ” ಎಂದು ಬೈಕ್ ಹತ್ತಿ ಹೊರಟ. ಅಡಿಕೆ ವ್ಯಾಪಾರದ ಅಣ್ಣನೊಬ್ಬರ ಅಂಗಡಿಯ ಕಂಪ್ಯೂಟರಿಗೆ ಮಿಂಟ್ ಹಾಕಿಕೊಟ್ಟ. ಮಿಂಚಿನ ಹಾಗೆ ತೆರೆಯಿತು. ಅಣ್ಣ ಸಂತೋಷದಿಂದ ಎಳನೀರು ಕೊಡಿಸಿ, “ಟ್ಯಾಲಿ ಎಲ್ಲಿ?” ಎಂದು ಕೇಳಿದರು. ಟ್ಯಾಲಿ ವಿಂಡೋಸಿಗೆ ಮಾಡಿದ್ದು. ಅದರ ಬದಲಿಗೆ ಇಂಥಿಂಥವು ಇವೆ, ಎಲ್ಲ ಉಚಿತ ಎಂದು ಭಾವ ಹೇಳುತ್ತಿದ್ದ. “ನಿನ್ನ ಉಚಿತದಲ್ಲಿ ನನ್ನ ಜಿಎಸ್‌ಟಿ ಮುಳುಗುತ್ತದೆ ಮಾರಾಯ” ಎಂದು ಅಣ್ಣ ಎಳನೀರಿನ ಸ್ಟ್ರಾ ಹಿಂದಕ್ಕೆ ತೆಗೆದುಕೊಳ್ಳುವುದೊಂದು ಬಾಕಿ.

ಪೆನ್‌ಡ್ರೈವಿನ ಕಥೆ ಇನ್ನೂ ದೊಡ್ಡದು. ಹೊಸ ಸಿಸ್ಟಮ್ ಹಾಕಲು ಅದನ್ನು ಪೆನ್‌ಡ್ರೈವಿಗೆ ಬರೆಯಬೇಕು. ಬರೆಯುವಾಗ ಅದರಲ್ಲಿ ಮೊದಲು ಇದ್ದದ್ದೆಲ್ಲ ಹೋಗುತ್ತದೆ. ಭಾವನ ಸ್ವಂತ ಪೆನ್‌ಡ್ರೈವ್ ಮಾತ್ರ ಯಾವತ್ತೂ ಸಿಗುವುದಿಲ್ಲ. ದೂರದ ದೊಡ್ಡಪ್ಪನೊಬ್ಬರ ಪೆನ್‌ಡ್ರೈವಿನಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆಗಳಿದ್ದವು, ಕ್ಯಾಸೆಟ್ಟುಗಳಿಂದ ವರ್ಷಗಟ್ಟಲೆ ಕೂತು ಇಳಿಸಿದ್ದು. ಯಾವ ಎದುರು ಅರ್ಥಧಾರಿಗೂ ಬಾಯಿ ಮುಚ್ಚಿಸಲಾಗದಿದ್ದ ಶೇಣಿಯವರನ್ನು ಭಾವನ ಒಂದು ಎಂಟರ್ ಕೀ ಮುಚ್ಚಿಸಿತು. ಅಂದಿನಿಂದ ಅವನ ಬೈಕಿನ ಶಬ್ದ ಕೇಳಿದರೆ ಮನೆಯವರು ಮೊದಲು ಟಿ.ವಿ.ಯ ಹಿಂದಿನಿಂದ ಪೆನ್‌ಡ್ರೈವ್ ಕಿತ್ತು ಅಕ್ಕಿ ಡಬ್ಬದಲ್ಲಿ ಹಾಕುತ್ತಾರೆ, ಆಮೇಲೆ “ಬಾ ಬಾ, ಚಾ ಕುಡಿ” ಎನ್ನುತ್ತಾರೆ.

ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯನ್ನು ಒಮ್ಮೆ ಅವನಿಗೆ ಒಪ್ಪಿಸಿದ್ದರು. ಆ ಪತ್ರಿಕೆ ಎಂದರೆ ಹೊರಗಿನವರಿಗೆ ತಿಳಿಯದು. ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಚಪ್ಪರ ಸಮಿತಿ, ಊಟೋಪಚಾರ ಸಮಿತಿ, ವಾಹನ ನಿಲುಗಡೆ ಸಮಿತಿ ಎಂದು ಸೀಮೆಯ ಜನಗಣತಿಯೇ ಅದರಲ್ಲಿರುತ್ತದೆ. ಒಂದು ಹೆಸರು ಬಿಟ್ಟರೆ ಒಂದು ಮನೆ ದೇವಸ್ಥಾನಕ್ಕೆ ಬರುವುದು ನಿಲ್ಲುತ್ತದೆ. ಹಳೆಯ ಕಡತ ಇದ್ದದ್ದು ನುಡಿಯಲ್ಲಿ. ಭಾವ ತನ್ನ ಲಿನಕ್ಸಿನಲ್ಲಿ ತೆರೆದಾಗ ಮೊಕ್ತೇಸರರು ಇದ್ದ ಜಾಗದಲ್ಲಿ ಟೋಪಿ ಹಾಕಿದ ಎ, ಎರಡು ಚುಕ್ಕಿ ಹೊತ್ತ ಯು, ಬಾಲ ಬೆಳೆದ ಸಿ. ಸಮಿತಿಯವರು ಗಾಬರಿಯಾದರು. ಹಳೆಯ ನುಡಿ ಫಾಂಟಿನಲ್ಲಿ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇಟ್ಟಿರುತ್ತಾರೆ, ಆ ಫಾಂಟ್ ಇಲ್ಲದ ಕಡೆ ಮನೆಯ ಯಜಮಾನರೇ ಕಾಣುತ್ತಾರೆ ಎಂದು ಭಾವ ತಿಳಿಹೇಳಿದ. ರಾತ್ರಿಯೆಲ್ಲ ಕೂತು ಯೂನಿಕೋಡಿಗೆ ಪರಿವರ್ತಿಸಿದ. ಅರ್ಕಾವತ್ತುಗಳು ಹಾರಿ ಪಕ್ಕದವರ ತಲೆಯ ಮೇಲೆ ಕೂತಿದ್ದವು, ಒಂದೊಂದನ್ನೇ ಇಳಿಸಿದ. ಕೀಲಿಮಣೆಗೆ ಮಾತ್ರ ತೊಂದರೆ ಬರಲಿಲ್ಲ. ಕಿನ್ನಿಕಂಬಳದ ಕೆ.ಪಿ. ರಾಯರು ರೂಪಿಸಿದ ವಿನ್ಯಾಸ ಲಿನಕ್ಸಿನಲ್ಲೂ ಇದೆ. ನಮ್ಮ ಜಿಲ್ಲೆಯವರು ಮಾಡಿದ್ದು ಎಲ್ಲಿಯೂ ನಡೆಯುತ್ತದೆ ಎಂದು ಅವನು ಅಷ್ಟು ಹೊತ್ತಿನಲ್ಲೂ ಅಭಿಮಾನಪಟ್ಟ. ಬೆಳಿಗ್ಗೆ ಕೆಂಪು ಕಣ್ಣು ಹೊತ್ತು ಪೇಟೆಯ ಪ್ರೆಸ್ಸಿಗೆ ಹೋದರೆ ಅಲ್ಲಿ ಪೇಜ್‌ಮೇಕರ್. ಯೂನಿಕೋಡ್ ಅದಕ್ಕೆ ಹಿಡಿಸುವುದಿಲ್ಲ. ಪ್ರೆಸ್ಸಿನವರು ತಲೆ ಎತ್ತದೆ ಹೇಳಿದರು, “ನುಡಿಯಲ್ಲಿ ಕೊಡಿ ಸರ್.”

ಇವನಿಗೆ ಇದೆಲ್ಲ ಎಲ್ಲಿಂದ ಬಂತು ಎಂದು ಮನೆಯಲ್ಲಿ ಚರ್ಚೆ ಆಗುವಾಗ ಅಮ್ಮ ಮಾತಾಡದೆ ತೋಟದ ಕಡೆ ನೋಡುತ್ತಾರೆ. ಅಲ್ಲಿ ಅಪ್ಪನ ಇತಿಹಾಸ ಉಂಟು. ಎಲ್ಲರೂ ಕೊಕ್ಕೋ ನೆಟ್ಟಾಗ ನೆಟ್ಟವರು ಅವರು. 1980ರ ಹೊತ್ತಿಗೆ ಅದನ್ನು ಕೊಳ್ಳುವವರೇ ಇಲ್ಲದಾದಾಗ ಕಡಿದರು. ಕ್ಯಾಂಪ್ಕೋ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆದಾಗ ಪುನಃ ನೆಟ್ಟರು. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಹೊಡೆದು, ವೆನಿಲ್ಲಾಕ್ಕೆ ಬೆಲೆ ಏರಿ, 2003ರ ಹೊತ್ತಿಗೆ ಹಸಿ ಕೋಡು ಕಿಲೋಗೆ ಸಾವಿರಗಟ್ಟಲೆ ಆಯಿತಲ್ಲ, ಆಗ ಅವರನ್ನು ಹಿಡಿಯುವವರಿರಲಿಲ್ಲ. ವೆನಿಲ್ಲಾ ಹೂವಿಗೆ ಇಲ್ಲಿ ದುಂಬಿಯ ಸಹಾಯ ಇಲ್ಲ. ಹೂ ಅರಳಿದ ಬೆಳಿಗ್ಗೆಯೇ ಕಡ್ಡಿ ಹಿಡಿದು ಒಂದೊಂದು ಹೂವಿಗೂ ಕೈಯಾರೆ ಪರಾಗಸ್ಪರ್ಶ ಮಾಡಬೇಕು. ಅಪ್ಪ ಮುಂಜಾನೆ ಎದ್ದು, ಉಪವಾಸ ಕೂತವರ ಹಾಗೆ ಅದನ್ನು ಮಾಡುತ್ತಿದ್ದರು. ಮಗ ಆರ್ಚ್ ಲಿನಕ್ಸನ್ನು ಒಂದೊಂದೇ ಸಾಲು ಆಜ್ಞೆ ಕೊಟ್ಟು ಹಾಕುವುದನ್ನು ನೋಡಿದವರಿಗೆ ಆ ಬೆನ್ನು ಬಗ್ಗಿಸುವ ಭಂಗಿ ಗೊತ್ತಾಗುತ್ತದೆ. ಅಪ್ಪನ ವೆನಿಲ್ಲಾ ಕೋಡು ಒಣಗುವಷ್ಟರಲ್ಲಿ ಬೆಲೆ ಬಿದ್ದುಹೋಯಿತು.

ಆದರೂ ಇಬ್ಬರಿಗೂ ಪರಸ್ಪರ ಆಗುವುದಿಲ್ಲ.

“ಎಲ್ಲದರ ಬುಡದಲ್ಲೂ ಒಂದೇ ಕರ್ನಲ್ ಅಂತ ನೀನೇ ಹೇಳುತ್ತಿ. ಮತ್ತೆ ಎಂತಕ್ಕೆ ಬದಲಿಸುವುದು?”

“ನೀವು ನಡುವೆ ಇಷ್ಟು ಬಗೆ ನೆಟ್ಟಿರಲ್ಲ, ಕೊನೆಗೆ ದುಡ್ಡು ಕೊಟ್ಟದ್ದು ಯಾವುದು?”

“ಅಡಿಕೆ.”

“ಮತ್ತೆ?”

“ಮತ್ತೆ ಎಂತ? ಈಗ ರಂಬುಟಾನಿಗೆ ಒಳ್ಳೆ ರೇಟು ಉಂಟು.”

ಭಾವನ ಲಿನಕ್ಸ್ ಪರ್ವ ಮುಗಿದದ್ದು ಒಂದು ಶಾಲಾ ರಜೆಯಲ್ಲಿ. ಅವನ ಅಕ್ಕನನ್ನು ಕೊಟ್ಟದ್ದು ಕೇರಳದ ಮುಳ್ಳೇರಿಯದ ಕಡೆ. ಎಂಟನೆಯ ತರಗತಿಯ ಸೊಸೆ ಬಂದಿದ್ದಳು, ಕನ್ನಡ ಮಾಧ್ಯಮದವಳು. ಭಾವ ಪರದೆ ತಿರುಗಿಸಿ, ಗಂಟಲು ಸರಿಮಾಡಿಕೊಂಡು ಹೇಳಿದ, “ಇದು ನೀನು ನೋಡಿದ ಹಾಗಿನ ಕಂಪ್ಯೂಟರ್ ಅಲ್ಲ.”

ಹುಡುಗಿ ಬಗ್ಗಿ ನೋಡಿದಳು. “ಲಿನಕ್ಸ್ ಅಲ್ವಾ ಮಾವ? ನಮ್ಮ ಶಾಲೆಯಲ್ಲಿ ಎಲ್ಲ ಇದೇ.”

ಜಾಲ್ಸೂರು ದಾಟಿ ಆಚೆಗೆ ಹೋದರೆ, ಪಾಣಾಜೆಯಿಂದ ಆಚೆ ಸ್ವರ್ಗ ಎಂಬ ಊರಿಗೆ ಹೋದರೆ, ಅಲ್ಲಿಂದ ಕೇರಳ. ಅಲ್ಲಿನ ಸರಕಾರಿ ಶಾಲೆಗಳು ವಿಂಡೋಸ್ ಬಿಟ್ಟು ಎಷ್ಟೋ ವರ್ಷವಾಯಿತು. ಕೈಟ್ ಎಂಬ ಸರಕಾರಿ ಸಂಸ್ಥೆಯೇ ಉಬುಂಟುವಿನ ಮೇಲೆ ಸ್ವಂತ ಆವೃತ್ತಿ ಕಟ್ಟಿ ಶಾಲೆಗಳಿಗೆ ಕೊಡುತ್ತದೆ. ಹತ್ತನೆಯ ತರಗತಿಯ ಐ.ಟಿ. ಪರೀಕ್ಷೆಯೂ ಅದರಲ್ಲೇ. ಇಂಕ್‌ಸ್ಕೇಪಿನಲ್ಲಿ ಚಿತ್ರ, ಜಿಯೋಜೀಬ್ರಾದಲ್ಲಿ ಗಣಿತ, ಪೈಥಾನಿನಲ್ಲಿ ಪ್ರೋಗ್ರಾಮ್ ಎಂದು ಹುಡುಗಿ ಬೆರಳು ಮಡಚಿದಳು. ಲಿಟ್ಲ್ ಕೈಟ್ಸ್ ಎಂಬ ಶಾಲಾ ಸಂಘದಲ್ಲಿ ಅವಳಿದ್ದಾಳೆ. ಊರವರು ಲ್ಯಾಪ್‌ಟಾಪ್ ತಂದರೆ ಅವರೇ ಲಿನಕ್ಸ್ ಹಾಕಿಕೊಡುತ್ತಾರಂತೆ.

“ನೀವು ಹಾಕಿದ್ದಕ್ಕೆ ವೈಫೈ ಬರುತ್ತದಾ?” ಭಾವನ ಸ್ವರ ಸಣ್ಣದಾಗಿತ್ತು.

“ಬರ್ತದಲ್ಲ. ನಿಮ್ಮದಕ್ಕೆ ಬರುದಿಲ್ವಾ? ಸಾವಕಾಶ ಕಲೀರಿ ಮಾವ, ನಮಗೂ ಐದನೇ ಕ್ಲಾಸಿನಲ್ಲಿ ಗೊತ್ತಾಗ್ತಿರಲಿಲ್ಲ.”

ಆ ರಾತ್ರಿ ಭಾವ ಊಟಕ್ಕೆ ಏಳಲಿಲ್ಲ. ಅಪ್ಪನಿಗೆ ಮಾತ್ರ ಸಂಕಟ ಅರ್ಥವಾಯಿತು. ಅಷ್ಟು ವರ್ಷದಲ್ಲಿ ಮೊದಲ ಸಲ ಮಗನ ಹತ್ತಿರ ಕೂತು, ಕವಳದ ಹರಿವಾಣ ಅವನ ಕಡೆ ಸರಿಸಿ ಹೇಳಿದರು, “ಎಲ್ಲರೂ ನೆಟ್ಟ ಮೇಲೆ ಅದಕ್ಕೆ ರೇಟಿಲ್ಲ ಮಗಾ. ಬಿಡು. ಬೇರೆ ಎಂತಾದರೂ ಉಂಟಾ ನೋಡು.”

ಉಂಟು. ಫ್ರೀಬಿಎಸ್‌ಡಿ ಅಂತ. ಅದೂ 1993ರದ್ದೇ, ಆದರೆ ಈ ಮೂರು ತಾಲೂಕಿನಲ್ಲಿ ಯಾರ ಮನೆಯಲ್ಲೂ ಇಲ್ಲ ಎಂದು ಭಾವ ವಿಚಾರಿಸಿ ಖಾತ್ರಿ ಮಾಡಿಕೊಂಡಿದ್ದಾನೆ. ಅದರ ಬುಡವೇ ಬೇರೆ, ಲಿನಕ್ಸ್ ಕರ್ನಲ್ ಅಲ್ಲವೇ ಅಲ್ಲ. ಇದನ್ನು ಹೇಳುವುದಕ್ಕೆಂದೇ ಮೊನ್ನೆ ಮಳೆಯಲ್ಲಿ ನಮ್ಮ ಅಂಗಳಕ್ಕೆ ಬಂದ. ಚಾ ಕುಡಿದ. ಮನೆಯವರ ಆರೋಗ್ಯ ವಿಚಾರಿಸಿದ. ಕಣ್ಣು ಟಿ.ವಿ.ಯ ಹಿಂಬದಿಯಲ್ಲೇ ಇತ್ತು.

“ಭಾವ, ಖಾಲಿ ಪೆನ್‌ಡ್ರೈವ್ ಒಂದು ಉಂಟಾ?”

“ಇಲ್ಲ ಮಾರಾಯ. ಇರುವುದರಲ್ಲಿ ಮಾಣಿಯ ಉಪನಯನದ ಫೋಟೋ ಉಂಟು.”

“ತೊಂದರೆ ಇಲ್ಲ ಭಾವ, ಕೊಡು. ಖಾಲಿ ನಾನು ಮಾಡಿಕೊಳ್ಳುತ್ತೇನೆ.”