ಗುಂಪಿಗೊಂದು ಹೆಸರು

ಹೋದ ಯುಗಾದಿಯ ದಿವಸ, ಒಬ್ಬಟ್ಟಿನ ಊಟ ಮುಗಿದು, ಎಲೆಯಡಿಕೆಯ ತಟ್ಟೆ ಮುಂದೆ ಬಂದು, ಪ್ರಪಂಚದಲ್ಲಿ ಯಾರ ಮೇಲೂ ದ್ವೇಷವಿಲ್ಲದ ಆ ಪ್ರಸನ್ನ ಮುಹೂರ್ತದಲ್ಲಿ, ನಮ್ಮಕ್ಕನ ಮಗನು ತನ್ನ ತಾಯಿಯ ಮೊಬೈಲನ್ನು ಕೈಗೆ ತೆಗೆದುಕೊಂಡು, ನನ್ನ ಇಷ್ಟಾನಿಷ್ಟಗಳನ್ನು ವಿಚಾರಿಸುವ ಗೋಜಿಗೆ ಹೋಗದೆ, ನನ್ನನ್ನು ಮನೆತನದ ವಾಟ್ಸ್‌ಆ್ಯಪ್ ಗ್ರೂಪಿಗೆ ಸೇರಿಸಿಬಿಟ್ಟನು. ಶಿವಮೊಗ್ಗೆಯಿಂದ ನ್ಯೂಜೆರ್ಸಿಯವರೆಗೆ ಚೆದರಿಹೋಗಿದ್ದ 41 ಮಂದಿ ಬಂಧುಗಳು ಅದರಲ್ಲಿದ್ದರು. ಅಕ್ಕನೇ ಅಡ್ಮಿನ್. ಹೆಸರು ಮಾತ್ರ ‘ಫ್ಯಾಮಿಲಿ ಗ್ರೂಪ್’ ಎಂದು ಬೋಳಾಗಿತ್ತು. “ಮಾವ, ನೀವು ಸಂಸ್ಕೃತ ಬಲ್ಲವರು, ಇದಕ್ಕೊಂದು ಘನವಾದ ಹೆಸರು ಹುಡುಕಿಕೊಡಿ” ಎಂದನು ಹುಡುಗ. ನಾನು ಬಲ್ಲ ಸಂಸ್ಕೃತವೆಂದರೆ, ಬಾಲ್ಯದಲ್ಲಿ ಅಜ್ಜನ ಭಯದಿಂದ ಬಾಯಿಪಾಠ ಮಾಡಿ ಯೌವನದಲ್ಲಿ ನಿರ್ಭಯವಾಗಿ ಮರೆತ ಅರ್ಧ ಅಮರಕೋಶ. ಆದರೂ ನಿವೃತ್ತನಾದವನಿಗೆ ಯಾರಾದರೂ ಕೆಲಸ ಒಪ್ಪಿಸಿದರೆ ಅದು ಸನ್ಮಾನವೇ ಸರಿ.

ಮೊದಲು ಹೊಳೆದದ್ದು ‘ಗೋಷ್ಠಿ’. ಕವಿಗೋಷ್ಠಿ, ವಿಚಾರಗೋಷ್ಠಿಗಳ ಸಹವಾಸದಿಂದ ಆ ಶಬ್ದಕ್ಕೆ ಶಾಲು ಹೊದ್ದ ಗಾಂಭೀರ್ಯವೊಂದು ಬಂದಿರುವುದೇನೋ ನಿಜ. ಆದರೆ ನಿಘಂಟನ್ನು ತೆರೆದರೆ ಗೋಷ್ಠಿಯ ಹಿಂದೆ ‘ಗೋಷ್ಠ’ವಿದೆ, ಗೋಷ್ಠವೆಂದರೆ ಗೋವುಗಳು ನಿಲ್ಲುವ ಎಡೆ, ಅಂದರೆ ದನದ ಕೊಟ್ಟಿಗೆ. ಇದು ನಮ್ಮ ಗ್ರೂಪಿಗೆ ಒಪ್ಪುವುದೋ ಇಲ್ಲವೋ ಎಂದು ನಾಲ್ಕು ದಿನ ಪರಾಂಬರಿಸಿ ನೋಡಿದೆನು. ಬೆಳಗಿನ ಐದೂವರೆಗೆ ಗುಲಾಬಿಯ ಚಿತ್ರದೊಡನೆ ಹೊರಟ ಒಂದು ಶುಭೋದಯವು, ಮಧ್ಯಾಹ್ನದ ಹೊತ್ತಿಗೆ ಅದೇ ಗುಲಾಬಿಯೊಡನೆ ಆರು ಮಂದಿಯ ಹೆಸರಿನಲ್ಲಿ ಆರು ಸಲ ಬಂದದ್ದನ್ನು ಕಂಡಮೇಲೆ, ಹೋಲಿಕೆ ಗೋವಿಗೆ ಅನ್ಯಾಯವೆಂದು ತೋರಿತು. ಗೋವು ತಾನು ಮೇದದ್ದನ್ನೇ ಮೆಲುಕು ಹಾಕುತ್ತದೆ. ಫಾರ್ವರ್ಡಿನಲ್ಲಿ ಯಾರೋ ಮೇದದ್ದನ್ನು ಇನ್ನಾರೋ ಮೆಲುಕು ಹಾಕುತ್ತಾರೆ.

‘ಸಭೆ’ ಎಂದರೆ ಹೇಗೆ? ಸಭೆಗೆ ಯೋಗ್ಯನಾದವನು ಸಭ್ಯ, ಸಭ್ಯತೆಯನ್ನು ಬೇಡವೆನ್ನುವವರಾರು? ಆದರೆ ಅದೇ ಮನೆಯಲ್ಲಿ ಹುಟ್ಟಿದ ‘ಸಭಿಕ’ನೆಂಬ ಇನ್ನೊಬ್ಬನಿದ್ದಾನೆ. ಸಂಸ್ಕೃತದಲ್ಲಿ ಸಭಿಕನೆಂದರೆ ಜೂಜುಕಟ್ಟೆಯ ಯಜಮಾನ. ಶೂದ್ರಕನ ಮೃಚ್ಛಕಟಿಕ ನಾಟಕದಲ್ಲಿ, ಸೋತ ಹಣಕ್ಕಾಗಿ ಜೂಜುಗಾರನೊಬ್ಬನನ್ನು ಬೀದಿಯುದ್ದಕ್ಕೂ ಅಟ್ಟಿಸಿಕೊಂಡು ಬರುವವನು ಇಂತಹ ಸಭಿಕನೇ. ನಮ್ಮ ನಾಡಿನ ವೇದಿಕೆಗಳ ಮೇಲೆ ನಿಂತು, ಕೊರಳ ಹಾರವನ್ನು ಸರಿಪಡಿಸಿಕೊಳ್ಳುತ್ತಾ “ಮಾನ್ಯ ಸಭಿಕರೇ” ಎಂದು ಕರೆಯುವ ಮಹನೀಯರಿಗೆ ಈ ಸಂಗತಿಯನ್ನು ಯಾರೂ ತಿಳಿಸದಿರುವುದು ಲೇಸು.

‘ಸಮಿತಿ’ಯ ಕಥೆ ಇನ್ನೂ ಘೋರವಾದುದು. ಒಟ್ಟಿಗೆ ಬರುವುದೇ ಸಮಿತಿ ಎಂಬುದು ಧಾತ್ವರ್ಥವಾದರೂ, ಒಟ್ಟಿಗೆ ಬಂದವರು ಮುಂದೇನು ಮಾಡುವರೆಂಬುದನ್ನು ಬಲ್ಲ ಅಮರಸಿಂಹನು ಆ ಶಬ್ದವನ್ನು ಯುದ್ಧದ ಪರ್ಯಾಯಪದಗಳ ಸಾಲಿನಲ್ಲಿಯೂ ಕೂರಿಸಿದ್ದಾನೆ. ‘ಸಂಘ’ದ ಬುಡದಲ್ಲಿ ಇರುವುದು ಹೊಡೆಯುವುದನ್ನೂ ಕೊಲ್ಲುವುದನ್ನೂ ಹೇಳುವ ‘ಹನ್’ ಧಾತು. ‘ಪರಿಷತ್ತು’ ಸುತ್ತಲೂ ಕುಳಿತುಕೊಳ್ಳುವ ನಿರಪಾಯ ಕ್ರಿಯೆ. ಆದರೆ 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದಂದಿನಿಂದ ಆ ಹೆಸರನ್ನು ಕೇಳಿದ ಕೂಡಲೇ ಅಧ್ಯಕ್ಷರು ಯಾರೆಂಬ ಪ್ರಶ್ನೆ ಏಳುವುದು ಕನ್ನಡಿಗರ ರಕ್ತಗುಣವಾಗಿಬಿಟ್ಟಿದೆ, ಮತ್ತು ನಮ್ಮ ಭಾವನವರಿಗೆ ಆ ಆಸೆಯುಂಟು.

ಸಂಸ್ಕೃತವನ್ನು ಬಿಟ್ಟು ಅಚ್ಚಗನ್ನಡಕ್ಕೆ ಇಳಿದೆನು. ಕೂಡುವುದರಿಂದ ‘ಕೂಟ’, ಸುಂದರವಾದ ಮಾತು. ನ್ಯೂಜೆರ್ಸಿಯ ಸೋದರಸೊಸೆ, ಅಮೆರಿಕೆಯಲ್ಲಿ ಊರಿಗೊಂದು ಕನ್ನಡ ಕೂಟವಿದೆಯೆಂದೂ, ಒಂದರ ವಾರ್ಷಿಕ ಚಂದಾ ಕಟ್ಟುವುದೇ ಸಾಕಾಗಿದೆಯೆಂದೂ ಬರೆದಳು. ಸಂಸ್ಕೃತದ ಇನ್ನೊಂದು ಕೂಟಕ್ಕೆ ಕಪಟವೆಂಬ ಅರ್ಥವಿರುವುದನ್ನು ನಾನು ಹೇಳಲಿಲ್ಲ. ‘ಓಲಗ’ವೆಂದರೆ ರಾಜಸಭೆಯೂ ಹೌದು, ಮದುವೆಯ ಮನೆಯಲ್ಲಿ ಊದುವುದೂ ಹೌದು, ನಮ್ಮಲ್ಲಿ ಎರಡನೆಯದೇ ಹೆಚ್ಚು. ಉಡುಪಿಯ ಕಡೆಯಿಂದ ಬಂದ ಸೊಸೆ ‘ಪಟ್ಟಾಂಗ’ ಎಂದಿಡಿರೆಂದಳು; ಹೊತ್ತುಹೋಗದ ಹರಟೆಗೆ ಅಷ್ಟು ನಾದವುಳ್ಳ ಶಬ್ದ ಮತ್ತೊಂದಿಲ್ಲವೆಂದು ನನಗೂ ಅನ್ನಿಸಿತು, ಆದರೆ ಮೈಸೂರಿನ ಕಡೆಯವರು ಅದನ್ನು ಪಂಚಾಂಗವೆಂದು ಓದಿ ಅಮಾವಾಸ್ಯೆ ಯಾವತ್ತೆಂದು ಕೇಳತೊಡಗಿದರು.

ಸಾದಾ ‘ಗುಂಪು’ ಏಕಾಗಬಾರದು? ಧಾರವಾಡದಲ್ಲಿ ಬೇಂದ್ರೆಯವರು ಗೆಳೆಯರನ್ನು ಕಲೆಹಾಕಿದಾಗ ಅದಕ್ಕೆ ಇಟ್ಟ ಹೆಸರು ‘ಗೆಳೆಯರ ಗುಂಪು’ ಎಂದಷ್ಟೇ. ಬೆಟಗೇರಿ ಕೃಷ್ಣಶರ್ಮರೂ ವಿ.ಕೃ. ಗೋಕಾಕರೂ ಇದ್ದ ಕೂಟಕ್ಕೆ ಸಾಕಾದ ಹೆಸರು ನಮಗೆ ಸಾಲದೆ ಹೋದೀತೆ? ಹೀಗೆಂದು ನಿಶ್ಚಯಿಸಿ ಬರೆಯಹೊರಟ ಸಂಜೆಯೇ, ಬಿಸಿಬೇಳೆ ಹುಳಿಯನ್ನಕ್ಕೆ ಈರುಳ್ಳಿ ಹಾಕಬಹುದೇ ಕೂಡದೇ ಎಂಬ ಪ್ರಶ್ನೆ ಎದ್ದಿತು.

ಗೌತಮನ ನ್ಯಾಯಸೂತ್ರಗಳಲ್ಲಿ ಚರ್ಚೆಯನ್ನು ವಾದ, ಜಲ್ಪ, ವಿತಂಡವೆಂದು ಮೂರು ಬಗೆಯಾಗಿ ವಿಂಗಡಿಸಿದೆ: ತತ್ತ್ವವನ್ನು ತಿಳಿಯುವುದಕ್ಕಾಗಿ ನಡೆಯುವುದು ವಾದ, ಹೇಗಾದರೂ ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ, ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನವನ ಪಕ್ಷವನ್ನು ಕೆಡವುವುದಷ್ಟೇ ವಿತಂಡ. ನಮ್ಮಲ್ಲಿ ವಾದವು ಸಂಜೆ ಆರರಿಂದ ಆರೂ ಐದರವರೆಗೆ ನಡೆಯಿತು. ಆಮೇಲೆ ಚಿಕ್ಕಮ್ಮನವರು, ಈರುಳ್ಳಿ ಹಾಕುವವರ ತವರುಮನೆಗಳ ಪೂರ್ವೋತ್ತರವನ್ನು ಎತ್ತಿದ್ದರಿಂದ ಅದು ಜಲ್ಪವಾಯಿತು. ಒಂಬತ್ತು ಗಂಟೆಗೆ ಭಾವನವರು ಪ್ರವೇಶಿಸಿದರು. ಈರುಳ್ಳಿ ಹಾಕುವವರಿಗೆ ರುಚಿ ತಿಳಿಯದು, ಹಾಕದವರಿಗೆ ಅಡುಗೆ ತಿಳಿಯದು, ಅಷ್ಟಕ್ಕೂ ಸಾಂಬಾರ್ ಈರುಳ್ಳಿಯನ್ನು ಈರುಳ್ಳಿಯೆನ್ನಬಹುದೆಂದು ಯಾರು ಹೇಳಿದರು, ಎಂದು ಮುಂತಾಗಿ ಅವರು ರಾತ್ರಿ ಹನ್ನೆರಡರವರೆಗೆ ಬರೆದರು. ಮನೆಯಲ್ಲಿ ಅವರಿಗೆ ಯಾವುದು ಇಷ್ಟವೆಂಬುದು ಮದುವೆಯಾಗಿ 46 ವರ್ಷವಾದ ನಮ್ಮಕ್ಕನಿಗೂ ಇಂದಿನವರೆಗೆ ಗೊತ್ತಿಲ್ಲ.

ಅರಳಿಕಟ್ಟೆಯ ಮೇಲೆ ಮಾತು ಹೀಗೆ ಹದಗೆಟ್ಟರೆ, ದನ ಕಟ್ಟುವ ಹೊತ್ತಾಯಿತೆಂದು ಹೇಳಿ, ಪಂಚೆಯ ಧೂಳನ್ನು ಕೊಡವಿ, ಎದ್ದು ಹೊರಡುವ ಮಾರ್ಗವಿತ್ತು. ಇಲ್ಲಿಯೂ ಸದ್ದಿಲ್ಲದೆ ಎದ್ದುಹೋಗಬಹುದೆಂದು, 2022ರಿಂದ ಈಚೆಗೆ ಯಾರಾದರೂ ಹೊರಟರೆ ಆ ಸುದ್ದಿ ಅಡ್ಮಿನ್ನರಿಗೆ ಮಾತ್ರ ಹೋಗುವಂತೆ ಏರ್ಪಾಡಾಗಿದೆಯೆಂದು ಹುಡುಗ ನನಗೆ ಧೈರ್ಯ ಹೇಳಿದನು. ಆದರೆ ನಮ್ಮ ಅಡ್ಮಿನ್ ನಮ್ಮಕ್ಕ. ಅವಳಿಗೊಬ್ಬಳಿಗೆ ತಿಳಿದ ಸಂಗತಿಯನ್ನು ಡಂಗುರ ಹೊಡೆಸುವುದು ದಂಡದ ಖರ್ಚೆಂಬುದು ನಮ್ಮ ವಂಶದಲ್ಲಿ ಸರ್ವವಿದಿತ. ಆದುದರಿಂದ ಉಳಿದುಕೊಂಡೆನು.

ಮಾರನೆಯ ಬೆಳಿಗ್ಗೆ ಗುಲಾಬಿ ಬರಲಿಲ್ಲ. ಹತ್ತು ಗಂಟೆಗೆ ಮೊಬೈಲು ಕುಂಯ್‌ಗುಟ್ಟಿದಾಗ ತೆರೆದು ನೋಡಿದರೆ, ನನ್ನನ್ನು ಹೊಸದೊಂದು ಗ್ರೂಪಿಗೆ ಸೇರಿಸಲಾಗಿತ್ತು. ಅದರ ಹೆಸರು ‘ಫ್ಯಾಮಿಲಿ ಗ್ರೂಪ್ 2’. ಅಡ್ಮಿನ್ ಅಕ್ಕನೇ. ಅಲ್ಲಿರುವವರು 40 ಮಂದಿ, ಭಾವನವರನ್ನು ಸೇರಿಸಿಲ್ಲ.