ಕಾಲು ಎತ್ತಂಗಿಲ್ರಿ ಬೀಗರ!

ರಬಕವಿಯ ಸೀರೆ ಸಾಹುಕಾರರೊಬ್ಬರು ತಮ್ಮ ಹಳೆಯ ಪಿಕಪ್ಪಿನ ಬ್ರೇಕ್ ಒತ್ತುವುದಿಲ್ಲ, ಪಂಪ್ ಹೊಡೆಯುತ್ತಾರೆ. ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ, ಎರಡನೆಯದಕ್ಕೆ ಅರ್ಧಕ್ಕೆ ನಿಲ್ಲುತ್ತದೆ, ಮೂರನೆಯದಕ್ಕೆ ಗಾಡಿ ನಿಲ್ಲುತ್ತದೆ. ಅಷ್ಟೊತ್ತಿಗೆ ಎದುರಿನ ಎಮ್ಮೆ ತಾನೇ ಸರಿದಿರುತ್ತದೆ. ಮಗ ಓಡಿಸಲು ಕೇಳಿದರೆ "ಇದರ ಕಾಲ್ಗುಣ ನಿನಗ ತಿಳಿಯೂದಿಲ್ಲ" ಎಂದು ಕೀಲಿಯನ್ನು ಜೇಬಿಗಿಳಿಸುತ್ತಾರೆ.

ಕಾಲ್ಗುಣವೇನೂ ನಿಗೂಢವಲ್ಲ. ಪಂಪ್ ಹೊಡೆದರೆ ಪೆಡಲ್ ಮೇಲೇಳುತ್ತದೆಯೆಂದರೆ ಪೈಪಿನಲ್ಲಿ ಏರ್ ಹಿಡಿದಿರಬಹುದು, ಇಲ್ಲವೇ ಹಿಂದಿನ ಡ್ರಮ್ಮಿನ ಲೈನರ್ ಸವೆದಿರಬಹುದು. ಎಲ್ಲೂ ಆಯಿಲ್ ಸೋರದೆ, ಒತ್ತಿ ಹಿಡಿದ ಪೆಡಲ್ ಮೆಲ್ಲಗೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಮೇಲೆ ಅನುಮಾನ. ಪೆಡಲ್ ಕಲ್ಲಿನಂತೆ ಗಟ್ಟಿಯಾದರೆ ಬೂಸ್ಟರಿನ ವ್ಯಾಕ್ಯೂಮ್ ಪೈಪ್ ನೋಡಬೇಕು.

ಕೊನೆಗೊಂದು ದಿನ ಮಿಸ್ತ್ರಿಯನ್ನು ಕರೆಸಿದರು. "ಏರ್ ಹಿಡದೈತ್ರಿ" ಎಂದು ಆತ, ಸಾಹುಕಾರರನ್ನು ಸೀಟಿನಲ್ಲಿ ಕೂರಿಸಿ, ಗಾಡಿಯ ಕೆಳಗೆ ತೂರಿದ. ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ್ದು ಹಿಂದಿನ ಎಡ ಚಕ್ರ, ಶುರು ಅಲ್ಲಿಂದಲೇ. ಮೇಲಿನವರು ಪೆಡಲ್ ಒತ್ತಿ ಹಿಡಿಯಬೇಕು, ಕೆಳಗಿನವನು ನಿಪ್ಪಲ್ ಸಡಿಲಿಸಿ, ಗುಳ್ಳೆಗಳು ಹೊರಬಿದ್ದ ಮೇಲೆ ಬಿಗಿಯಬೇಕು. ಅಲ್ಲಿಯವರೆಗೆ ಕಾಲೆತ್ತಿದರೆ ಹೋದ ಗಾಳಿ ವಾಪಸ್.

ಸರಿಯಾಗಿ ಆಗಲೇ ಬೀಗರು ಬಂದರು. ಬೀಗರೆಂದರೆ ಮಗಳನ್ನು ಕೊಟ್ಟ ಮನೆಯವರು. ಇಳಿದು ನಮಸ್ಕಾರ ಮಾಡಲೇಬೇಕು. ಸಾಹುಕಾರರು ಕೂತಲ್ಲೇ ಸೊಂಟದವರೆಗೆ ಬಾಗಿದರು. ಸ್ಟೇರಿಂಗ್ ಹಣೆಗೆ ತಗುಲಿ ಹಾರ್ನ್ ಹೊಡೆಯಿತು.

"ಇಳಿಯೂ ಅಷ್ಟೂ ಪುರಸೊತ್ತಿಲ್ಲೇನ್ರಿ?"

"ಕಾಲು ಎತ್ತಂಗಿಲ್ರಿ ಬೀಗರ!"

ಬೀಗರ ಮುಖ ಬಿಳುಚಿತು. ಲಕ್ವಾ ಯಾವಾಗ ಹೊಡೆಯಿತು ಎಂದು ಕೇಳುವಷ್ಟರಲ್ಲಿ ಭೂಮಿಯೊಳಗಿಂದ ದನಿ ಬಂತು: "ಹಿಡೀರಿ! ಗಟ್ಟಿ ಹಿಡೀರಿ!" ಬೀಗರು ಹಿಂದೆಮುಂದೆ ನೋಡದೆ ಕಿಟಕಿಯೊಳಗೆ ಕೈಹಾಕಿ ಸಾಹುಕಾರರ ರಟ್ಟೆ ಗಟ್ಟಿಯಾಗಿ ಹಿಡಿದರು. "ಬಿಡಬ್ಯಾಡ್ರಿ!" ಎಂದಿತು ದನಿ. ಅವರು ಬಿಡಲಿಲ್ಲ. ಎಳೆದಾಟದಲ್ಲಿ ಸಾಹುಕಾರರ ಕಾಲು ಎದ್ದಿತು, ಕೆಳಗೆ ಮಿಸ್ತ್ರಿ ಬೈದ, ಕೆಲಸ ಮೊದಲಿನಿಂದ.

ಇಷ್ಟು ಸಾಲದೆಂಬಂತೆ ದಾರಿಹೋಕನೊಬ್ಬ "ಬ್ರೇಕ್ ಆಯಿಲ್ ಡಬ್ಬಿಗೆ ಇಂಜಿನ್ ಆಯಿಲ್ ಸುರೀರಿ, ನಡೀತದ" ಎಂದ. ಇಂಥವರ ಸಲಹೆಗೆ ನಗಬಾರದು. ಇಂಜಿನ್ ಆಯಿಲ್ ತಗುಲಿದರೆ ಬ್ರೇಕಿನ ರಬ್ಬರೆಲ್ಲ ಉಬ್ಬಿ ಕೆಡುತ್ತದೆ. ಬ್ರೇಕ್ ಆಯಿಲ್ಲಿಗೂ ಗಾಳಿಯ ತೇವ ಹೀರುವ ಗುಣವಿದೆ: ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದ ಡಾಟ್-3, ನೀರು ಸೇರಿದ ಮೇಲೆ 140ರ ಆಸುಪಾಸಿನಲ್ಲೇ ಕುದಿಯಬಹುದು. ಕುದ್ದರೆ ಆವಿ, ಆವಿಯಾದರೆ ಪೆಡಲ್ ಮತ್ತೆ ನೆಲಕ್ಕೆ. ಕಬ್ಬಿನ ಹಂಗಾಮಿನಲ್ಲಿ, ಜಮಖಂಡಿ ದಾರಿಯ ಕತ್ತಲಲ್ಲಿ, ಹಿಂದೆ ಕೆಂಪು ದೀಪವೂ ಇಲ್ಲದ ಜೋಡಿ ಟ್ರೇಲರ್ ಎದುರಾದಾಗ ಮೂರನೆಯ ಒತ್ತಿಗೆ ಸಮಯವಿರುವುದಿಲ್ಲ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಪಂಪ್ ಹೊಡೆದು ನಿಲ್ಲಿಸುವ ಗಾಡಿಗೆ ಸೀರೆ ಗಂಟು ಹೇರಬೇಡಿ, ಬೀಗರನ್ನಂತೂ ಹತ್ತಿಸಲೇಬೇಡಿ.