ಸುಡುವಿಕೆಯ ತಾತ್ವಿಕ ನೆಲೆಗಳು: ಸಿ.ಡಿ. ಬರ್ನಿಂಗ್‌ನೊಂದಿಗೆ ಒಂದು ಸಾಂಸ್ಕೃತಿಕ ಮುಖಾಮುಖಿ

ಪ್ರಸ್ತುತ ಪ್ರಬಂಧವು ಗಣಕಯಂತ್ರದ ಮೂಲಕ ಖಾಲಿ ಸಿ.ಡಿ.ಗೆ ಹಾಡುಗಳನ್ನು ಸುಡುವ ಕ್ರಿಯೆಯನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಅನುಸಂಧಾನಕ್ಕೆ ಒಳಪಡಿಸುತ್ತಾ, ಸುಡುವಿಕೆಯೆಂಬ ಪರಿಕಲ್ಪನೆಯನ್ನೇ ಸಮಸ್ಯಾತ್ಮಕಗೊಳಿಸಲು ಹವಣಿಸುತ್ತದೆ. (ಹಾಗೆಂದರೇನು ಎಂದು ಕೇಳಬೇಡಿ. ವಿಚಾರ ಸಂಕಿರಣಗಳಲ್ಲಿ ಯಾರೂ ಕೇಳುವುದಿಲ್ಲ, ಊಟದ ಹೊತ್ತಾಗಿರುತ್ತದೆ.)

ಮೊದಲಿಗೆ ಪಠ್ಯದ ಭೌತಿಕತೆ. ಸಿ.ಡಿ.ಯ ವ್ಯಾಸ 120 ಮಿ.ಮೀ., ನಡುವಿನ ತೂತು 15. ತೂತಿನ ಶೂನ್ಯವನ್ನು ಅಲ್ಲಮನ ಬಯಲಿನೊಂದಿಗೆ ತೌಲನಿಕವಾಗಿ ನೋಡುವ ಸಾಧ್ಯತೆಗಳಿವೆ, ನೋಡುವವರು ನೋಡಿಕೊಳ್ಳಲಿ. ಗ್ರಾಮಫೋನ್ ಮುಳ್ಳು ಹೊರಗಿನಿಂದ ಒಳಕ್ಕೆ ಸುತ್ತುತ್ತಿತ್ತು, ಲೇಸರ್ ಕಿರಣ ಒಳಗಿನಿಂದ ಹೊರಕ್ಕೆ. ಇದನ್ನು ಕೇಂದ್ರದಿಂದ ಅಂಚಿನೆಡೆಗಿನ ಪಲ್ಲಟ ಎನ್ನದಿದ್ದರೆ ಪಿಎಚ್.ಡಿ. ಹೇಗೆ ಸಿಕ್ಕೀತು? ಸುಡುವುದು ಎನ್ನುತ್ತೇವೆ, ಆದರೆ ಹೊಗೆಯಿಲ್ಲ, ಬೂದಿಯಿಲ್ಲ. ಬಣ್ಣದ ಪದರವೊಂದು ಕಾದು ಅಲ್ಲಲ್ಲಿ ಮಂಕಾಗುತ್ತದೆ, ಅಷ್ಟೆ. ಬೆಳಕಿಗೆ ಓರೆಯಾಗಿ ಹಿಡಿದರೆ ಎಲ್ಲಿಯವರೆಗೆ ಹಾಡಿದೆ, ಎಲ್ಲಿಂದಾಚೆ ಖಾಲಿ ಎಂದು ಕಣ್ಣಿಗೇ ಕಾಣುತ್ತದೆ.

ಇನ್ನು ರೋಮ್ ಸುಟ್ಟನೆಂಬ ಅಪವಾದ ಹೊತ್ತ ನೀರೋನ ಹೆಸರಿನ, ಸಿ.ಡಿ. ಸುಡುವ ತಂತ್ರಾಂಶ. ಅದರ ಚಿಹ್ನೆಯಲ್ಲಿ ಕೊಲೋಸಿಯಂ ಹೊತ್ತಿ ಉರಿಯುತ್ತಿರುತ್ತದೆ. ಕೊಲೋಸಿಯಂ ಕಟ್ಟಲು ಶುರುಮಾಡಿದ್ದೇ ನೀರೋ ಸತ್ತ ಮೇಲೆ. ಈ ಕಾಲವಿಪರ್ಯಯದ ಮೇಲೆ ಇನ್ನೊಂದು ಪಿಎಚ್.ಡಿ.ಗೆ ಜಾಗವಿದೆ.

ಸುಡುವವರನ್ನು ಐದು ಮಾದರಿಗಳಾಗಿ ವರ್ಗೀಕರಿಸಬಹುದು. (1) ಅವಸರವಾದಿ: ಕವರಿನ ಮೇಲೆ 52ಎಕ್ಸ್ ಎಂದಿದೆಯೆಂದು 52ರ ವೇಗದಲ್ಲೇ ಸುಡುವವನು. (2) ಸಂಯಮವಾದಿ: 4ಎಕ್ಸ್ ಇಟ್ಟು, ಇಪ್ಪತ್ತು ನಿಮಿಷ ಯಾರೂ ಮೌಸ್ ಮುಟ್ಟದಂತೆ ಕಾವಲು ಕೂರುವವನು. ನಡುವೆ ದತ್ತಾಂಶದ ಹರಿವು ತಪ್ಪಿತೋ, ಸಿ.ಡಿ. ಕೆಟ್ಟಿತು. ಕೆಟ್ಟದ್ದು ದಾರ ಕಟ್ಟಿಸಿಕೊಂಡು ಪೇರಲೆ ಗಿಡಕ್ಕೆ ಹೋಗುತ್ತದೆ, ಗಿಳಿ ಓಡಿಸಲು. (3) ಉತ್ತರ-ಸಂಯಮವಾದಿ: ಇವನು ಯಾರೆಂದು ನನಗೂ ಗೊತ್ತಿಲ್ಲ. ನಾಲ್ಕು, ಐದು ಸುಮ್ಮನೆ ಹೇಳಿದ್ದು. ಎರಡಕ್ಕೇ ನಿಲ್ಲಿಸಿದರೆ ಪ್ರಬಂಧ ಸೊರಗುತ್ತದೆ ಎನ್ನುತ್ತಾರೆ ಮಾರ್ಗದರ್ಶಕರು.

ಖಾಲಿ ಸಿ.ಡಿ.ಯಲ್ಲಿ ಹಿಡಿಯುವುದು 80 ನಿಮಿಷ. ಅದು ತುಂಬಿದ ಮೇಲೆ ಕೈಮುಗಿದರೂ ಇನ್ನೊಂದು ಹಾಡಿಗೆ ಜಾಗ ಕೊಡದು. ಈ ಗುಣ ವೇದಿಕೆಯ ಮೇಲಿನವರಿಗೇಕೆ ಬರಲಿಲ್ಲ? ಒಂದು ಜಾನಪದ ಗೋಷ್ಠಿಯಲ್ಲಿ 20 ನಿಮಿಷ ಕೊಟ್ಟಿದ್ದ ಮಹನೀಯರೊಬ್ಬರು ಮೌಖಿಕತೆಯ ರಾಜಕಾರಣದ ಮೇಲೆ ಒಂದೂಮುಕ್ಕಾಲು ಗಂಟೆ ಓದಿದರು. ಸೋಬಾನೆ ಹಾಡಲೆಂದು ಕರೆಸಿದ್ದ ಇಬ್ಬರು ಹೆಂಗಸರು ಬೆಳಗಿನಿಂದ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಐದಕ್ಕೆ ಅವರ ಊರಿನ ಕಡೇ ಬಸ್ಸು. "ಎರಡು ಸಾಲು ಹೇಳಿಬಿಡಿ ಸಾಕು" ಎಂದರು ಸಂಚಾಲಕರು. ಆ ಹೆಂಗಸರು ಮುಖ ಮುಖ ನೋಡಿಕೊಂಡು, ಹಾಡದೆ, ಹೊದಿಸಿದ ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು. ಮೌಖಿಕತೆಯಂತೆ! ಸುಡಬೇಕಾದ್ದು ಸಿ.ಡಿ.ಯನ್ನಲ್ಲ, ಆ ಕಾಗದದ ಕಟ್ಟನ್ನು.

ಇರಲಿ, ಕ್ಷೇತ್ರಕಾರ್ಯಕ್ಕೆ ಬರೋಣ. 2006ರ ಸುಮಾರಿಗೆ, ಸಾಗರದಲ್ಲಿದ್ದ ನನ್ನ ಸೋದರಮಾವನ ವ್ಯಾನಿಗೆಂದು 150 ಹಾಡುಗಳ ಎಂಪಿ3 ಸಿ.ಡಿ. ಮಾಡಿಕೊಟ್ಟೆ. ವ್ಯಾನಿನ ಪ್ಲೇಯರ್ ಅದನ್ನು ಮೂಸಿ ನೋಡಿ ವಾಪಸ್ಸು ಉಗಿಯಿತು. ಅದಕ್ಕೆ ಆಡಿಯೋ ಸಿ.ಡಿ.ಯೇ ಆಗಬೇಕಿತ್ತು. ಅಂದರೆ 18 ಹಾಡು. ಎರಡು ರಾತ್ರಿ ಪೆನ್ನು ಹಿಡಿದು ಕೂತೆ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿನದ್ದು ತೆಗೆದರೆ ಮೂರೂವರೆಯದು ಹಿಡಿಯುತ್ತದೆ, ಹಿಡಿದರೆ ಪಿ.ಬಿ. ಶ್ರೀನಿವಾಸ್ ಒಬ್ಬರೇ ಹೆಚ್ಚಾಗುತ್ತಾರೆ. ಹೆಚ್ಚಾಗಲಿ, ಮಾವನಿಗೆ ಅವರೇ ಬೇಕು.

"ಹದಿನೆಂಟೇ ಏನೋ ಮಾರಾಯಾ? ನೂರೈವತ್ತು ಅಂದಿದ್ದೆಯಲ್ಲ," ಎಂದರು ಮಾವ. ಆದರೆ ಆ ಹದಿನೆಂಟನ್ನೇ ನಾಲ್ಕು ವರ್ಷ ಕೇಳಿದರು. ಹಾಡು ಹಾಡಿನ ನಡುವೆ 2 ಸೆಕೆಂಡಿನ ಮೌನ ಇರುತ್ತದಲ್ಲ, ಅಷ್ಟರಲ್ಲಿ ಗೇರ್ ಬದಲಿಸಿ, ಮುಂದಿನ ಹಾಡಿನ ಮೊದಲ ಸ್ವರ ತಾವೇ ಹಿಡಿದುಬಿಡುತ್ತಿದ್ದರು. ನನ್ನ ಮೊಬೈಲಿನಲ್ಲಿ ಈಗ ಹಾಡುಗಳಿಗೆ ಲೆಕ್ಕವಿಲ್ಲ. ಮುಂದೆ ಯಾವುದು ಬರುತ್ತದೆಂದು ನನಗೆ ಗೊತ್ತಿರುವುದಿಲ್ಲ. ಯಾರೂ ನನಗಾಗಿ ಪೆನ್ನು ಹಿಡಿದು ಕೂತಿಲ್ಲ.

ಕಳೆದ ವರ್ಷ ಮಾವನ ಮೊಮ್ಮಗಳ ಆರತಕ್ಷತೆ. ವ್ಯಾನು ಗುಜರಿಗೆ ಹೋಗಿ ಬಹಳ ಕಾಲವಾಗಿದೆ, ಸಿ.ಡಿ. ಪೇರಲೆ ಗಿಡದಲ್ಲಿದೆ. ಆರ್ಕೆಸ್ಟ್ರಾದವರು 'ಎರಡು ಕನಸು' ಚಿತ್ರದ್ದೊಂದು ಹಾಡು ಮುಗಿಸಿದರು. ಪಾಯಸದ ಲೋಟ ಹಿಡಿದಿದ್ದ ಮಾವ ಎರಡು ಸೆಕೆಂಡು ಸುಮ್ಮನಿದ್ದು, 'ಕಸ್ತೂರಿ ನಿವಾಸ'ದ್ದನ್ನು ಸಣ್ಣಗೆ ಗುನುಗತೊಡಗಿದರು. ವೇದಿಕೆಯ ಮೇಲೆ ಬೇರೆ ಯಾವುದೋ ಶುರುವಾಗಿತ್ತು.